ಒಂಟಿ ಕಿವಿಯ ಕುದುರೆ

ಓಯ್ಸಾರಾಳ ಅಂಗಳದ ಹಿಪ್ಪುನೇರಳೆ ಮರದಡಿ ವಲಸೆ ಬಂದ ಮಕ್ಕಳು ಸೇರಿದರೆಂದರೆ ಮೊದಲು ಆಸ್ತಿಯ ಪಂಚಾಯಿತಿ. ಒಬ್ಬನ ಜೇಬಿನಲ್ಲಿ ವಾರ್ಸಾದ ಟ್ರಾಮಿನ ಹರಿದ ಟಿಕೆಟ್ಟು. ಒಬ್ಬಳ ಬಳಿ ಮಂಜುಗಡ್ಡೆಯ ಮೇಲೆ ಜಾರುವ ಸ್ಕೇಟು, ಅದೂ ಬಲಗಾಲಿನದು ಮಾತ್ರ. ಸಮರ್ಖಂಡದ ಧೂಳಿನಲ್ಲಿ ಅದಕ್ಕೆ ದಾರ ಕಟ್ಟಿ ಎಳೆದುಕೊಂಡು ತಿರುಗುತ್ತಿದ್ದಳು. ಇನ್ನೊಬ್ಬಳು ಪಿಯಾನೋದಿಂದ ಕಿತ್ತು ತಂದ ಒಂದು ಬಿಳಿ ಪಟ್ಟಿಯನ್ನು ತೊಡೆಯ ಮೇಲಿಟ್ಟು ಒತ್ತುತ್ತ ಬಾಯಲ್ಲೇ ಸ್ವರ ಹೊರಡಿಸುತ್ತಿದ್ದಳು. ಮನೆ ಬಿಡುವಾಗ ಕೈಗೆ ಸಿಕ್ಕಿದ್ದರಲ್ಲಿ ದಾರಿಯಲ್ಲಿ ಯಾರೂ ಕೊಳ್ಳದೆ ಉಳಿದದ್ದು ಯಾವುದೋ, ಅದಷ್ಟೇ ಆ ಮಕ್ಕಳಿಗೆ ಊರು.

ಬ್ರೈನಾಳ ಮೊಮ್ಮಗಳು ಹೆನ್ಯಾಳಲ್ಲಿ ಒಂದು ಕುದುರೆಯಿತ್ತು. ಅಂಗೈಯಷ್ಟು ಉದ್ದ, ಕಪ್ಪು ಮೈ, ಕಲ್ಲಿನಂಥ ಗಟ್ಟಿ. ಕಿವಿ ಮಾತ್ರ ಒಂದೇ.

"ನಿನ್ನ ಕುದುರೆಗೆ ಹೇಳಿದ್ರಲ್ಲಿ ಅರ್ಧಾನೇ ಕೇಳ್ಸೋದು" ಎಂದು ಸ್ಕೇಟಿನ ಹುಡುಗಿ ಚುಚ್ಚಿದರೆ, "ನೀನಾಡೋ ಮಾತಿಗೆ ಅಷ್ಟೇ ಹೆಚ್ಚು" ಎನ್ನುತ್ತಿದ್ದಳು ಹೆನ್ಯಾ.

ಅದು ರೊಟ್ಟಿಯ ಕುದುರೆ. ಹೆನ್ಯಾಳ ಅಪ್ಪ ಶಾಯೆ, ಬ್ರೈನಾಳ ಒಬ್ಬನೇ ಮಗ, ಪೋಲೆಂಡಿನ ಕ್ರಾಸ್ನಿಸ್ತಾವ್‌ನಲ್ಲಿ ಗಾಡಿ ಹೊಡೆಯುತ್ತಿದ್ದ. ಅವನ ಕಂದು ಕುದುರೆಯ ಹೆಸರು ಕಶ್ತಾನ್. ಯುದ್ಧ ಬಂತು, ಕುದುರೆ ಯಾರದೋ ಸೈನ್ಯದ ಪಾಲಾಯಿತು, ಯೆಹೂದಿಗಳಾದವರು ಜೀವ ಕೈಯಲ್ಲಿ ಹಿಡಿದು ಪೂರ್ವಕ್ಕೆ ಓಡಿದರು. ಅಲ್ಲಿ ಆಶ್ರಯ ಕೊಟ್ಟ ಸರ್ಕಾರವೇ ಅವರನ್ನು ಹಿಡಿದು ಉತ್ತರದ ಕಾಡಿಗೆ, ಮರ ಕಡಿಯಲು ಸಾಗಿಸಿತು. ದಿನಕ್ಕೆ ಸಿಗುತ್ತಿದ್ದ ರೊಟ್ಟಿ ತುಂಡಿನಲ್ಲಿ ಚಿವುಟಿ ಚಿವುಟಿ ಉಳಿಸಿ, ಅಗಿದು, ಒಲೆಯ ಮಸಿ ಸೇರಿಸಿ ನಾದಿ, ಶಾಯೆ ಮಗಳಿಗಾಗಿ ಕಶ್ತಾನನನ್ನು ಮತ್ತೆ ಮಾಡಿದ. ಎಲ್ಲರನ್ನೂ ಬಿಟ್ಟುಬಿಡಿ ಎಂದು ಅಪ್ಪಣೆಯಾಗಿ ಜನ ದಕ್ಷಿಣದ ರೈಲು ಹತ್ತುವ ಹೊತ್ತಿಗೆ ಅವನು ಕಾಲು ಬಾತು ಆಸ್ಪತ್ರೆಯ ಗುಡಿಸಿಲಿನಲ್ಲಿ ಮಲಗಿದ್ದ. ನೀವು ನಡೀರಿ, ನಾನು ಮುಂದಿನ ರೈಲಿಗೆ ಬರ್ತೀನಿ ಎಂದು ಕುದುರೆಯನ್ನು ಮಗಳ ಕೈಗಿಟ್ಟ. ಕಿವಿ ಎಲ್ಲಿ ಎಂದು ಅವಳು ಕೇಳಿದಳು.

"ಒಂದಿನ ತಡೀಲಿಕ್ಕಾಗ್ಲಿಲ್ಲ ಮಗಾ, ತಿಂದ್‌ಬಿಟ್ಟೆ. ಮಿಕ್ಕಿದ್ದನ್ನ ನನ್ನ ಕೈಗೆ ಸಿಗದ ಹಾಗೆ ನೀನು ಕಾಯಿ."

ಅವರ ಪೆಟ್ಟಿಗೆಯಂಥ ರೈಲುಗಾಡಿಯಲ್ಲೇ ಹೆನ್ಯಾಳ ತಾಯಿ ಜ್ವರಕ್ಕೆ ತೀರಿಹೋದಳು. ಅಜ್ಜಿ ಮೊಮ್ಮಗಳು ಇಬ್ಬರೇ ಸಮರ್ಖಂಡದಲ್ಲಿ ಇಳಿದರು. ಓಯ್ಸಾರಾ ಎಂಬ ಉಜ್ಬೆಕ್ ವಿಧವೆ ತನ್ನ ಅಂಗಳದ ಮೂಲೆಯಲ್ಲಿ ಹಿಂದೆ ಆಡು ಕಟ್ಟುತ್ತಿದ್ದ ಕೋಣೆಯನ್ನು ಗುಡಿಸಿ ಕೊಟ್ಟಳು. ಆಮೇಲೆ ರೈಲುಗಳು ಎಷ್ಟೋ ಬಂದವು. ಶಾಯೆ ಬರಲಿಲ್ಲ.

ಕಳೆದ ಚಳಿಗಾಲದಲ್ಲಿ ಆ ಕಾಡಿನಿಂದ ಬಂದ ಒಬ್ಬ ಮನುಷ್ಯ ಸಂತೆಯಲ್ಲಿ ಬ್ರೈನಾಳ ಗುರುತು ಹಿಡಿದ. ಹೊರಡುವ ಮುಂಚೆ ಆಸ್ಪತ್ರೆಯ ಗುಡಿಸಿಲಿಗೆ ಹೋಗಿದ್ದೆ, ಶಾಯೆಯ ಹಾಸಿಗೆ ಖಾಲಿಯಿತ್ತು ಎಂದ. ಹೆಚ್ಚಿಗೆ ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅದುವರೆಗೆ ಪ್ರತಿದಿನ ಬೆಳಗ್ಗೆ ದಾವೀದನ ಕೀರ್ತನೆಗಳನ್ನು ಪಠಿಸಿ, ಕೊನೆಯಲ್ಲಿ ರೋಗಿಗಳಿಗಾಗಿ, ದಾರಿಯಲ್ಲಿರುವವರಿಗಾಗಿ ಬೇಡುವಾಗ ಮಗನ ಹೆಸರು ಹೇಳುತ್ತಿದ್ದಳು. ಅಂದಿನಿಂದ ಆ ಜಾಗ ಬಂದೊಡನೆ ನಾಲಿಗೆ ನಿಂತುಬಿಡುತ್ತಿತ್ತು. ರೋಗಿಯೆಂದು ಬೇಡಲು ಧೈರ್ಯವಿಲ್ಲ, ಸತ್ತನೆಂದು ನೆಲದ ಮೇಲೆ ಕುಳಿತು ಅಳಲು ಖಚಿತವಿಲ್ಲ. ಈ ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ, ಹೆನ್ಯಾಳಿಗಂತೂ ಇಲ್ಲವೇ ಇಲ್ಲ.

ಹಾಗೇ ವಸಂತ ಬಂತು, ಯೆಹೂದಿಗಳ ಪೆಸಹ ಹಬ್ಬ ಹತ್ತಿರವಾಯಿತು. ಆ ಎಂಟು ದಿನ ಮನೆಯಲ್ಲಿ ಹುಳಿ ಹಿಡಿದ ಹಿಟ್ಟಿನದು ಒಂದು ಚೂರೂ ಇರಕೂಡದು. ಮುನ್ನಾದಿನ ಮುಸ್ಸಂಜೆಗೆ ದೀಪ ಹಿಡಿದು, ಹಕ್ಕಿಗರಿಯಿಂದ ಮೂಲೆ ಮೂಲೆ ಸವರಿ ಹುಡುಕಬೇಕು. ಸಿಕ್ಕಿದ್ದನ್ನು ಮರುದಿನ ಬೆಳಗ್ಗೆ ಸುಡಬೇಕು. ಹುಡುಕುವ ಮುಂಚೆ ಮಂತ್ರ ಹೇಳುತ್ತಾರಲ್ಲ, ಏನೂ ಸಿಗದೆ ಅದು ವ್ಯರ್ಥವಾಗಬಾರದೆಂದು ಮನೆಯವರೇ ನಾಲ್ಕಾರು ರೊಟ್ಟಿ ಚೂರನ್ನು ಅಲ್ಲಲ್ಲಿ ಬಚ್ಚಿಡುವುದು ವಾಡಿಕೆ. ಕಾಡಿನಲ್ಲಿ, ರೈಲಿನಲ್ಲಿ, ಜ್ವರದಲ್ಲಿ ಕಳೆದ ಹಬ್ಬಗಳಿಗೆ ಲೆಕ್ಕವಿಲ್ಲ. ಈ ವರ್ಷವಾದರೂ ಕ್ರಮವಾಗಿ ಮಾಡಬೇಕೆಂದು ಬ್ರೈನಾ ಸೆಗಣಿಯ ವಾಸನೆ ಇನ್ನೂ ಬಿಡದ ಆ ಕೋಣೆಯನ್ನು ಬೂದಿ ಹಾಕಿ ಉಜ್ಜಿದ್ದಳು, ಹತ್ತಿಬೀಜದ ಎಣ್ಣೆಯ ದೀಪ ಹಚ್ಚಿದ್ದಳು. ಬಚ್ಚಿಡೋಣವೆಂದರೆ ಮನೆಯಲ್ಲಿ ರೊಟ್ಟಿಯ ಚೂರೇ ಇರಲಿಲ್ಲ. ಪಡಿತರದ್ದನ್ನು ಮಧ್ಯಾಹ್ನವೇ ಬೆರಳು ಒದ್ದೆ ಮಾಡಿ ಪುಡಿಯವರೆಗೂ ತಿಂದಾಗಿತ್ತು.

"ನಮ್ಮಮ್ಮನ ಮನೇಲಿ ಬಚ್ಚಿಡೋಕೇ ಒಂದು ಇಡೀ ರೊಟ್ಟಿ ತೆಗೆದಿಡ್ತಿದ್ರು. ಬರೀ ಮನೆ ಹುಡುಕ್ತೀನಿ ಅಂತ ದೇವರ ಹೆಸರು ತಗೋಬೇಕಾಯ್ತಲ್ಲ" ಎಂದು ಅವಳು ನಿಟ್ಟುಸಿರಿಟ್ಟಳು. ಹೆನ್ಯಾ ಕೇಳಿಸಿಕೊಂಡಳು.

ಮಂತ್ರ ಹೇಳಿ ಬ್ರೈನಾ ಗರಿಯಾಡಿಸಿದಳು. ಒಲೆಯ ಹಿಂದೆ, ಚಾಪೆಯ ಕೆಳಗೆ, ಕಿಟಕಿಯ ಸಂದಿನಲ್ಲಿ. ನೀರಿನ ಹೂಜಿಯ ಹಿಂದಕ್ಕೆ ಗರಿ ಹೋದಾಗ ಏನೋ ತಡೆಯಿತು. ದೀಪ ಬಗ್ಗಿಸಿದಳು. ಕುದುರೆ ನಿಂತಿತ್ತು.

"ಸಿಕ್ತಾ?" ಹೆನ್ಯಾ ಹಿಗ್ಗಿಬಿಟ್ಟಳು. "ನಾನೇ ಇಟ್ಟಿದ್ದು. ನಿನ್ನ ಮಂತ್ರ ದಂಡ ಆಗ್ಬಾರ್ದು ಅಂತ. ಕೊಡಜ್ಜಿ ಈಗ."

ಬ್ರೈನಾ ಬಗ್ಗಿದವಳು ಬಗ್ಗಿದಂತೆಯೇ ಇದ್ದಳು. ಆಟದ ಸಾಮಾನೆಂದು ಇಷ್ಟು ದಿನ ಕಣ್ಣು ತಪ್ಪಿಸಿಕೊಂಡು ಬಂದಿದ್ದಳು. ಈಗ ದೀಪ ಹಿಡಿದು, ಮಂತ್ರ ಹೇಳಿ, ಗರಿಯಿಂದ ಮುಟ್ಟಿ ಕಂಡುಹಿಡಿದಾಗಿತ್ತು. ಇಡೀ ಮನೆಯಲ್ಲಿ ಇದ್ದ ಒಂದೇ ಒಂದು ರೊಟ್ಟಿ ಇದು. ಸಿಕ್ಕಿದ್ದನ್ನು ಏನು ಮಾಡುತ್ತಾರೆಂದು ಮಗುವಿಗೆ ಹೇಳದೆ ವಿಧಿಯಿರಲಿಲ್ಲ, ಮೆಲ್ಲಗೆ ಹೇಳಿದಳು. ಹೆನ್ಯಾ ಅಳಲಿಲ್ಲ. ಕಶ್ತಾನನ್ನಾ ಎಂದು ಒಂದು ಸಲ ಕೇಳಿ, ಅಜ್ಜಿಯ ಲಂಗದ ಅಂಚನ್ನು ಹಿಡಿದುಕೊಂಡಳು. ನಿದ್ದೆಯಲ್ಲೂ ಆ ಹಿಡಿ ಸಡಿಲಲಿಲ್ಲ. ಸಿಕ್ಕಿದ ಚೂರುಗಳನ್ನಿಡುವ ವಾಡಿಕೆಯಂತೆ ಮರದ ಸೌಟಿನಲ್ಲಿಟ್ಟು ಬಟ್ಟೆ ಸುತ್ತಿದ ಕುದುರೆ ಕಿಟಕಿಯ ಮೇಲಿತ್ತು.

ಬೆಳಕು ಹರಿಯುತ್ತಲೇ ಬ್ರೈನಾ ಸೌಟನ್ನು ಶಾಲಿನಡಿ ಹಿಡಿದು ರೆಬ್ ಗೆಟ್ಸೆಲ್‌ನನ್ನು ಹುಡುಕಿಕೊಂಡು ಹೋದಳು. ಹೆನ್ಯಾಳೂ ಹಿಂದೆಯೇ. ಗೆಟ್ಸೆಲ್ ಇವರಂತೆಯೇ ಓಡಿಬಂದ ಗುರು, ಜನರ ಬಾಯಲ್ಲಿ ರೆಬ್ಬೆ. ಸ್ಥಳೀಯ ಯೆಹೂದಿಗಳ ಪ್ರಾರ್ಥನೆಯ ಅಂಗಳದಲ್ಲಿ ಮೆಟ್ಟಿಲ ಮೇಲೆ ಕುಳಿತು, ಬಂದವರ ಸಂದೇಹಗಳಿಗೆ ಉತ್ತರ ಹೇಳುತ್ತಿದ್ದ. ಎಲ್ಲವನ್ನೂ ಕೇಳಿ ಕುದುರೆಯನ್ನು ಮೂಗಿನ ಹತ್ತಿರ ಹಿಡಿದ.

"ನಾಯಿ ಕೂಡ ಮೂಸದಷ್ಟು ಕೆಟ್ಟಿದ್ರೆ ಅದು ರೊಟ್ಟಿ ಅಲ್ಲಮ್ಮ. ಇಟ್ಕೋಬಹುದು."

"ಈ ವರ್ಷ, ಈ ಊರಲ್ಲಿ, ನಾಯಿ ಯಾಕೆ ರೆಬ್ಬೆ, ನಾನೇ ತಿಂತೀನಿ. ಇವಳಪ್ಪ ಕಿವಿ ತಿಂದು ತೋರ್ಸಿದಾನಲ್ಲ."

ರೆಬ್ಬೆ ನಗಲಿಲ್ಲ. ಮಸಿ ಬೆರೆತಿದೆ, ಕಲ್ಲಾಗಿದೆ, ಬೇಕಾದರೆ ಸುಮ್ಮನೆ ಇಟ್ಟುಕೊಳ್ಳಿ ಎಂದೇ ಹೇಳಿಬಿಡುತ್ತೇನೆ ಎಂದ. ಬ್ರೈನಾ ಬೇಡವೆಂದು ತಲೆಯಾಡಿಸಿದಳು. ಮಂತ್ರ ಹೇಳಿ ಹುಡುಕಿದಾಗ ಸಿಕ್ಕಿದ್ದು, ಮನಸ್ಸು ಒಪ್ಪುವುದಿಲ್ಲ ಎಂದಳು. ಹಾಗಾದರೆ ನಮ್ಮವರಲ್ಲದ ಯಾರಿಗಾದರೂ ಮಾರಿಬಿಡಿ, ಬಿಸಿಲು ಏರುವುದರೊಳಗೆ ಆಗಬೇಕು ಎಂದ ರೆಬ್ಬೆ. ಹಬ್ಬ ಕಳೆದ ಮೇಲೆ ಅವರಿಗೆ ಮನಸ್ಸು ಬಂದರೆ ತಿರುಗಿ ಕೊಡಬಹುದು. "ಆದ್ರೆ ನಾಟಕ ಆಡಬಾರದು. ಅವರದ್ದು ಅಂದ್ರೆ ಅವರದ್ದೇ. ಮನಸ್ಸಲ್ಲಿ ಗಂಟು ಹಾಕ್ಕೊಂಡು ಕೊಟ್ರೆ ಕೊಟ್ಟಂಗಾಗಲ್ಲ."

ನಮ್ಮವರಲ್ಲದವರು ಎಂದರೆ ಬ್ರೈನಾಳಿಗೆ ಇದ್ದವಳು ಓಯ್ಸಾರಾ ಒಬ್ಬಳೇ. ಅವಳು ದೊಡ್ಡ ಕೋಣೆಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹರಡುತ್ತಿದ್ದಳು. ಸರ್ಕಾರ ಪ್ರತಿ ಮನೆಗೂ ಹುಳ ಹಂಚಿತ್ತು; ತಟ್ಟೆಗಳ ತುಂಬ ಅವು ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ಕೋಣೆಯನ್ನು ತುಂಬಿತ್ತು. ಗೋಡೆಯ ಮೊಳೆಗೆ, ಬಿಳಿ ಬಟ್ಟೆಯ ಜೋಲಿಯಲ್ಲಿ, ಒಂದು ದುಂಡನೆಯ ರೊಟ್ಟಿ ತೂಗುತ್ತಿತ್ತು. ಅದರ ಅಂಚು ಒಂದು ಕಡೆ ಕಚ್ಚಿದಂತಿತ್ತು. ಎಲ್ಲರ ಹೊಟ್ಟೆಯೂ ಬೆನ್ನಿಗಂಟಿದ ಚಳಿಗಾಲದಲ್ಲೂ ಆ ರೊಟ್ಟಿಯನ್ನು ಯಾರೂ ಮುಟ್ಟದಿದ್ದುದನ್ನು ಬ್ರೈನಾ ಕಂಡಿದ್ದಳು. ದೃಷ್ಟಿಗೆ ಕಟ್ಟಿರಬೇಕು ಎಂದುಕೊಂಡು ಸುಮ್ಮನಿದ್ದಳು.

ಅವಳು ಬಾಗಿಲಲ್ಲೇ ನಿಂತು ಬಟ್ಟೆ ಬಿಚ್ಚಿದಳು. ಎರಡು ವರ್ಷದ ಒಲೆ ಒಡನಾಟದಲ್ಲಿ ಕಲಿತ ಮಾತಿನಲ್ಲಿ, ಇದನ್ನು ಕೊಂಡುಕೋ, ಒಂದು ಹಿಡಿ ಒಣ ಜರ್ದಾಳು ಕೊಟ್ಟರೂ ಸಾಕು ಎಂದಳು. ಮಾತು ತಡವರಿಸಿದಲ್ಲಿ ಹೆನ್ಯಾ ಸೇರಿಸಿದಳು. ಅದು ರೊಟ್ಟಿ, ಶಾಯೆ ಮಾಡಿದ್ದು ಎಂದು ತಿಳಿಯುತ್ತಲೇ ಓಯ್ಸಾರಾಳ ಮುಖ ಬಿಗಿಯಿತು. ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕಿ, ಕೈ ಒರೆಸಿಕೊಂಡಳು.

"ಹಸಿವಾದ್ರೆ ನನ್ನನ್ನ ಕೇಳು ಅಕ್ಕಾ. ನನ್ನ ಹತ್ರ ಎಷ್ಟಿದೆಯೋ ಅದ್ರಲ್ಲಿ ಪಾಲು ಕೊಡ್ತೀನಿ. ಹೊರಗೆ ಹೋದವನ ರೊಟ್ಟೀನ ಯಾರಾದ್ರೂ ಮಾರ್ತಾರಾ?"

ಗೋಡೆಯ ಕಡೆ ಕೈ ತೋರಿಸಿದಳು. ಮಗ ಸೋಬಿರ್ ಯುದ್ಧಕ್ಕೆ ಹೊರಟ ದಿನ ಬಿಸಿ ರೊಟ್ಟಿಯನ್ನು ಒಂದೇ ಒಂದು ಸಲ ಕಚ್ಚಿ ಹೋಗಿದ್ದ. ಉಳಿದದ್ದು ಅವನಿಗಾಗಿ ಕಾಯುತ್ತದೆ. ಬಂದು ಅವನೇ ಇಳಿಸಿ ತಿನ್ನಬೇಕು. ಅದನ್ನು ಮಾರುವುದೆಂದರೆ ಹೋದವನ ದಾರಿ ಕಡಿಯುವುದು. "ನಾ ಕೊಂಡ್ಕೊಂಡ್ರೆ ನಿನ್ನ ಮಗನ ದಾರಿ ಕಡಿದ ಪಾಪ ನನಗೆ. ಎತ್ಕೊಂಡ್ಹೋಗು ಅಕ್ಕಾ. ಗೂಡಲ್ಲಿಡು."

"ಮನೇಲಿಟ್ರೆ ಸುಡಬೇಕು ಖಾಲಾ" ಎಂದಳು ಹೆನ್ಯಾ, ಚಿಕ್ಕಮ್ಮನನ್ನು ಕರೆಯುವ ಅಲ್ಲಿಯ ಮಾತಿನಲ್ಲಿ.

"ರೊಟ್ಟೀನ?" ಓಯ್ಸಾರಾ ಎದೆ ಮುಟ್ಟಿಕೊಂಡಳು. ಬೀದಿಯಲ್ಲಿ ಬಿದ್ದ ತುಂಡನ್ನೂ ಎತ್ತಿ ಮುತ್ತಿಟ್ಟು ಗೋಡೆಯ ಮೇಲಿಟ್ಟು ಹೋಗುವ ಜನ ಅವರು.

ಬ್ರೈನಾ ಹೊಸ್ತಿಲ ಮೇಲೆಯೇ ಕುಳಿತಳು. ಎದುರಿನ ಮಣ್ಣಿನ ಗೋಡೆಯ ಮೇಲೆ ಬಿಸಿಲು ಇಳಿಯುತ್ತ ಬರುತ್ತಿತ್ತು. ಹುಳಗಳು ಮೇಯುತ್ತಲೇ ಇದ್ದವು.

"ಇಟ್ಕೊಂಡ್ರೆ ದೇವರಿಗೆ ತಪ್ಪಿ ನಡೀತೀನಿ ಓಯ್ಸಾರಾ. ಸುಟ್ರೆ ಮಗನಿಗೆ ತಪ್ಪಿ ನಡೀತೀನಿ" ಎಂದಳು. "ಮಾರೋ ಮಾತು ಬೇಡ ಬಿಡು. ಕೊಡ್ತೀನಿ. ಇಟ್ಕೊಂಡಿರು ಅಂತ ಅಲ್ಲ, ಕೊಟ್ಟೇ ಬಿಡ್ತೀನಿ. ಇನ್ನು ಇದು ನಿಂದು."

ಹೆನ್ಯಾ ಅಜ್ಜಿಯ ಮುಖ ನೋಡಿದಳು. ಅಜ್ಜಿ ಅವಳ ಕಡೆ ನೋಡಲಿಲ್ಲ.

ಓಯ್ಸಾರಾ ಕುದುರೆಯನ್ನು ತಿರುಗಿಸಿ ನೋಡಿ, ಇನ್ನೊಂದು ಕಿವಿ ಎಲ್ಲಿ ಎಂದು ಕೇಳಿದಳು. ಅಪ್ಪ ತಿಂದ ಎಂದಳು ಹೆನ್ಯಾ. ಮುರಿದ ಜಾಗದಲ್ಲಿ ಹಲ್ಲಿನ ಗುರುತು ಇನ್ನೂ ಇತ್ತು. ಓಯ್ಸಾರಾ ಅದರ ಮೇಲೆ ಹೆಬ್ಬೆರಳು ಆಡಿಸಿದಳು. ತಲೆಯೆತ್ತಿ ಗೋಡೆಯ ಮೇಲಿನ ರೊಟ್ಟಿಯ ಕಚ್ಚಿದ ಅಂಚನ್ನು ನೋಡಿದಳು.

"ಹಾಗಾದ್ರೆ ಇದೂ ಕಚ್ಚಿದ ರೊಟ್ಟಿನೇ" ಎಂದು ಎರಡೂ ಕೈಯಲ್ಲಿ ಹಿಡಿದು, ಮುತ್ತಿಟ್ಟು, ಹಣೆಗೆ ಮುಟ್ಟಿಸಿಕೊಂಡಳು. ಪೆಟ್ಟಿಗೆಯಿಂದ ಮತ್ತೊಂದು ಬಿಳಿ ಬಟ್ಟೆ ತೆಗೆದು ಜೋಲಿ ಕಟ್ಟಿ, ಸೋಬಿರ್‌ನ ರೊಟ್ಟಿಯ ಪಕ್ಕದ ಮೊಳೆಗೆ ತೂಗುಹಾಕಿದಳು.

ಹಬ್ಬ ಬಂತು. ಸ್ಥಳೀಯ ಯೆಹೂದಿಗಳು ಹುಳಿಯಿಲ್ಲದ ರೊಟ್ಟಿಯಲ್ಲಿ ಇವರಿಗೂ ಪಾಲು ಕೊಟ್ಟರು. ಬೇಯಿಸಿದ ಬೀಟ್‌ರೂಟು, ಒಂದು ಈರುಳ್ಳಿ, ಉಪ್ಪುನೀರು, ಅಷ್ಟರಲ್ಲೇ ಹಬ್ಬದೂಟ. ಮನೆಯ ಕಿರಿಯರು ಕೇಳಬೇಕಾದ ಪ್ರಶ್ನೆಗಳನ್ನು ಹೆನ್ಯಾ ತಪ್ಪಿಲ್ಲದೆ ಕೇಳಿದಳು. ಮಲಗುವಾಗ ಹಬ್ಬದ್ದಲ್ಲದ ಪ್ರಶ್ನೆಯೊಂದನ್ನು ಕೇಳಿದಳು: ಹಬ್ಬ ಮುಗಿದ ಮೇಲೆ? ಕೊಟ್ಟಿದ್ದನ್ನು ಕೇಳಬಾರದು ಎಂದಳು ಬ್ರೈನಾ. ಅವರಾಗಿಯೇ ಕೊಟ್ಟರೆ? ಕೊಟ್ಟರೆ ತೆಗೆದುಕೊಳ್ಳೋಣ.

ಆ ವಾರ ಹೆನ್ಯಾ ಓಯ್ಸಾರಾಳ ಹುಳಗಳಿಗೆ ಸೊಪ್ಪು ಹೊತ್ತಷ್ಟು ಯಾವತ್ತೂ ಹೊತ್ತಿರಲಿಲ್ಲ. ಬುಟ್ಟಿ ಇಳಿಸುವಾಗ ಒಮ್ಮೆ, ಎತ್ತುವಾಗ ಒಮ್ಮೆ ಗೋಡೆ ನೋಡಬಹುದಿತ್ತು. ಮರದಡಿಯ ಪಂಚಾಯಿತಿಯಲ್ಲಿ ಸ್ಕೇಟಿನ ಹುಡುಗಿ, "ನಿನ್ನ ಕುದುರೆಗೆ ನಿಮ್ಮ ಆಡಿನ ಕೊಟ್ಟಿಗೆ ಸಾಕಾಯ್ತಂತೆ, ದೊಡ್ಡಮನೆ ಸೇರ್ಕೊಂಡ್ತು" ಎಂದಳು. ಹೆನ್ಯಾ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೊರಟಳು.

ಹಬ್ಬ ಮುಗಿದ ಸಂಜೆ ಓಯ್ಸಾರಾ ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ಅವಳು ಹಿಂದಿರುಗಿದ ಮೇಲೆ ಹೆನ್ಯಾ ರೊಟ್ಟಿಯನ್ನೆತ್ತಿ ಬಟ್ಟೆಯ ಅಡಿಯಲ್ಲಿ ನೋಡಿದಳು, ಕೊಡವಿ ನೋಡಿದಳು. ಏನೂ ಇರಲಿಲ್ಲ. ಮಾರನೆಯ ದಿನವೂ ಕುದುರೆ ಬರಲಿಲ್ಲ, ಆಮೇಲೂ ಬರಲಿಲ್ಲ. ಓಯ್ಸಾರಾ ಎದುರಾದರೆ ಮೊದಲಿನಂತೆ ನಿಂತು ಮಾತಾಡದೆ ಏನೋ ನೆವ ಹೇಳಿ ಒಳಗೆ ಹೋಗುತ್ತಿದ್ದಳು. ಹೆನ್ಯಾ ಮರದಡಿಗೆ ಹೋಗುವುದನ್ನು ಬಿಟ್ಟಳು. ಅಂಗೈಯನ್ನು ಅರ್ಧ ಮಡಚಿಕೊಂಡೇ ನಿದ್ದೆ ಮಾಡುತ್ತಿದ್ದಳು, ನಡುವೆ ಏನೋ ಇದ್ದ ಹಾಗೆ.

ಬ್ರೈನಾ ಅದನ್ನು ನೋಡಿದಳು. ಕೇಳಬಾರದೆಂದು ಹೇಳಿದವಳೂ ತಾನೇ. ಕೊಟ್ಟಾಗ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿರಲಿಲ್ಲ, ದೇವರು ಬಲ್ಲ. ಈಗ ಕೇಳಿದರೆ ಅದು ಬೇರೆಯೇ ಮಾತು ಎಂದು ತನಗೆ ತಾನೇ ಹೇಳಿಕೊಂಡು ಒಂದು ಬೆಳಗ್ಗೆ ಅಂಗಳ ದಾಟಿದಳು.

ಓಯ್ಸಾರಾ ಗೋಡೆಯ ಎದುರು ಮಣೆಯ ಮೇಲೆ ಹತ್ತಿ ನಿಂತಿದ್ದಳು. ಕೈ ಎತ್ತಿದ್ದಳು, ಆದರೆ ಜೋಲಿಯನ್ನು ಮುಟ್ಟಿರಲಿಲ್ಲ. ಕಾಲ ಸಪ್ಪಳಕ್ಕೆ ತಿರುಗಿದವಳು ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಕೆಳಗಿಳಿದಳು.

"ದಿನಾ ಹತ್ತಿ ನಿಲ್ತೀನಿ ಅಕ್ಕಾ. ಮಗು ಮುಖ ನೋಡಿದ್ರೆ ಕರುಳು ಚುರ್ ಅನ್ನತ್ತೆ. ಆದ್ರೆ ಇಳಿಸೋಕೆ ಕೈ ಬರಲ್ಲ. ಕಚ್ಚಿದವನೇ ಬಂದು ಇಳಿಸ್ಬೇಕಾದ್ದು. ನಾನು ಇಳಿಸಿದ್ರೆ ಅವನು ಬರಲ್ಲ ಅಂತ ನಾನೇ ಹೇಳ್ದಂಗಾಯ್ತಲ್ಲ." ಮಣೆಯನ್ನು ಕಾಲಿನಿಂದ ಬ್ರೈನಾಳ ಕಡೆ ಸರಿಸಿದಳು. "ನೀನು ಹೆತ್ತವಳು. ಇಳಿಸೋದಾದ್ರೆ ನೀನು ಇಳಿಸ್ಕೋ. ನಾನು ಬೇಡ ಅನ್ನಲ್ಲ."

ಬ್ರೈನಾ ಮಣೆ ಹತ್ತಿದಳು. ಕುದುರೆ ಅವಳ ಕಣ್ಣಿನ ನೇರಕ್ಕಿತ್ತು. ಕೈ ಚಾಚಿ, ಗಂಟು ಬಿಚ್ಚಿ, ಮಗುವಿನ ಕೈಗೆ ಕೊಟ್ಟರೆ ಮುಗಿಯಿತು. ಈ ಮನೆಯ ಕಟ್ಟಳೆ ತನ್ನದಲ್ಲ. ತನ್ನ ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿಯೂ ಇಲ್ಲ. ಆದರೂ ಬೆರಳು ಗಂಟಿನ ಮೇಲೆ ನಿಂತಿತು. ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡದ್ದು ಗೋಡೆಗೆ ಹೇಳಿದಂತೆ ಹೊರಬಂತು.

"ಅವನ ಹಾಸಿಗೆ ಖಾಲಿ ಇತ್ತಂತೆ ಓಯ್ಸಾರಾ. ನೋಡಿದವನೇ ಬಂದು ಹೇಳ್ದ. ಚಳಿಗಾಲದಲ್ಲಿ."

ಓಯ್ಸಾರಾ ತಟ್ಟೆಯ ಹೊರಗೆ ಬಿದ್ದಿದ್ದ ಒಂದು ಹುಳವನ್ನು ಎಲೆಯ ಮೇಲೆ ಎತ್ತಿಟ್ಟಳು.

"ಎದ್ದು ಹೋದವನ ಹಾಸಿಗೇನೂ ಖಾಲಿನೇ ಇರತ್ತೆ ಅಕ್ಕಾ."

ಬಾಗಿಲಲ್ಲಿ ಬುಟ್ಟಿ ನೆಲಕ್ಕಿಟ್ಟ ಸದ್ದಾಯಿತು. ಸೊಪ್ಪು ತಂದ ಹೆನ್ಯಾ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬ್ರೈನಾ ಮಣೆಯ ಮೇಲಿಂದಲೇ ಅವಳನ್ನು ನೋಡಿದಳು. ಕೈಯಿನ್ನೂ ಗಂಟಿನ ಮೇಲೆಯೇ ಇತ್ತು. ಕುದುರೆ ನಿನ್ನದಲ್ಲವೇ, ನೀನು ಹೇಳು ಎನ್ನಬೇಕೆಂದಿದ್ದಳು.

ಹೆನ್ಯಾ ತುಂಬ ಹೊತ್ತು ಗೋಡೆಯನ್ನು ನೋಡಿದಳು, ಕಚ್ಚಿದ ರೊಟ್ಟಿಯನ್ನು, ಅದರ ಪಕ್ಕದ ಜೋಲಿಯನ್ನು.

"ಇರ್ಲಿ ಬಿಡಜ್ಜಿ. ತನ್ನ ಕೈಗೆ ಸಿಗದ ಹಾಗೆ ಕಾಯಿ ಅಂತ ಅಪ್ಪ ಅಂದಿದ್ನಲ್ಲ. ಇಷ್ಟು ಎತ್ತರ ಇದ್ರೆ ಸಿಗಲ್ಲ. ಬಂದು ಹತ್ತಿ ತಗೊಳ್ಲಿ" ಎಂದಳು. ಆಮೇಲೆ ಮೆತ್ತಗೆ, "ನಾನೊಂದ್ಸಲ ಮುಟ್ಟಬಹುದಾ ಖಾಲಾ?"

ಮುಟ್ಟೋದಕ್ಕೆ ಯಾವ ಅಡ್ಡಿಯೂ ಇಲ್ಲ, ದಿನಾ ಬಂದು ಮುಟ್ಟು ಎಂದು ಓಯ್ಸಾರಾ ಅವಳನ್ನು ಸೊಂಟ ಹಿಡಿದು ಮೇಲೆತ್ತಿದಳು. ಹೆನ್ಯಾ ಜೋಲಿಯೊಳಗೆ ಕೈ ಹಾಕಿ ಕಶ್ತಾನನ ಬೆನ್ನು ಸವರಿದಳು, ಇರುವ ಕಿವಿಯನ್ನು ಸವರಿದಳು, ಇಲ್ಲದ ಕಿವಿಯ ಜಾಗವನ್ನೂ. ಜೇಬಿನಿಂದ ಒಂದು ಎಳೆಯ ಹಿಪ್ಪುನೇರಳೆ ಎಲೆ ತೆಗೆದು ಅದರ ಬಾಯಿಯ ಹತ್ತಿರ ಇಟ್ಟಳು.

"ಅದೇನು ಹುಳಾನೇನೇ?" ಎಂದು ಓಯ್ಸಾರಾ ಗದರಿದಳು, ಎಲೆಯನ್ನು ಮಾತ್ರ ತೆಗೆಯಲಿಲ್ಲ.

ಮರುದಿನ ಬೆಳಗ್ಗೆ ಬ್ರೈನಾ ಎಂದಿನಂತೆ ಕಿಟಕಿಯ ಕಡೆ ಮುಖ ಮಾಡಿ ಕುಳಿತು ಕೀರ್ತನೆಗಳನ್ನು ಪಠಿಸಿದಳು. ರೋಗಿಗಳಿಗಾಗಿ, ದಾರಿಯಲ್ಲಿರುವವರಿಗಾಗಿ ಬೇಡುವ ಜಾಗ ಬಂತು. ಅಲ್ಲಿ ತಂದೆಯ ಹೆಸರಲ್ಲ, ಹೆತ್ತವಳ ಹೆಸರು ಹಿಡಿದು ಮಗನನ್ನು ಕರೆಯಬೇಕು. ನಾಲಿಗೆ ಒಂದು ಗಳಿಗೆ ತಡೆಯಿತು. ಹೊರಗೆ ಓಯ್ಸಾರಾ ತಂದೂರಿಗೆ ಕಟ್ಟಿಗೆ ಮುರಿಯುತ್ತಿದ್ದಳು.

"ಬ್ರೈನಾಳ ಮಗ ಶಾಯೆ" ಎಂದಳು. ಉಸಿರೆಳೆದುಕೊಂಡು, ಅದೇ ರಾಗದಲ್ಲಿ, "ಓಯ್ಸಾರಾಳ ಮಗ ಸೋಬಿರ್" ಎಂದು ಸೇರಿಸಿ, ಮುಂದಿನ ಸಾಲಿಗೆ ಹೋದಳು.